ಹನ್ನೊಂದು ಗಂಟೆಯ ಸಾಲು

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ಚಿಕ್ಕರಸಿನಕೆರೆ ದಾಟಿದ ಮೇಲೆ ಕಿಟಕಿಯಿಂದ ಆಲೆಮನೆಯ ವಾಸನೆ ಒಳಗೆ ಬಂತು. ಕೊಪ್ಪರಿಗೆಯಲ್ಲಿ ಪಾಕ ತಳ ಹಿಡಿದಿತ್ತೆಂದು ಕಾಣುತ್ತದೆ, ಬೆಲ್ಲದ ಘಮದ ಜೊತೆಗೆ ಸ್ವಲ್ಪ ಸೀದ ವಾಸನೆಯೂ ಸೇರಿತ್ತು. ನನ್ನ ಪಕ್ಕ ಕೂತಿದ್ದ ಹೆಂಗಸು ಮಡಿಲಲ್ಲಿದ್ದ ಮಗುವನ್ನು ಎತ್ತಿ ಹಿಡಿದು, "ನೋಡ್ಲಾ ಮಗ, ಬೆಲ್ಲ ಕಾಯಿಸ್ತಾವ್ರೆ, ಎಂಗ್ ಗಮ್ ಅಂತದೆ" ಎಂದಳು. ಮಗು ಮೂಗರಳಿಸಿ ನಕ್ಕಿತು. ನಾನು ಗಾಜು ಎಳೆದುಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಬೆಲ್ಲದ ವಾಸನೆ ಬೇಡವೆನ್ನುವ ಹೆಂಗಸು ಈ ಸೀಮೆಯಲ್ಲಿ ಯಾವಳಪ್ಪಾ ಇವಳು ಅಂದುಕೊಂಡಿರಬೇಕು.

ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುವುದಿಲ್ಲ, ಅಂಗೈ ಬೆವರುತ್ತದೆ. ಏಳು ವರ್ಷದಿಂದ ಹೀಗೇ. ಅದೂ ಆವತ್ತು ನಾನು ಹೊರಟಿದ್ದು ಖಾದರ್ ಸಾಬ್ರ ಮನೆಗೆ. ಅವರು ತೀರಿಕೊಂಡು ನಲವತ್ತನೆಯ ದಿನದ ಫಾತೇಹಾ ಪ್ರಾರ್ಥನೆ, ಬಂದು ಹೋಗು ಬೇಟಿ ಎಂದು ಅವರ ಹೆಂಡತಿ ನೂರುನ್ನೀಸಾ ಅಮ್ಮ ಫೋನು ಮಾಡಿದ್ದರು. ಮಗಳು ಎಂದು ಕರೆಸಿಕೊಳ್ಳುವ ಯೋಗ್ಯತೆ ನನಗಿದೆಯೇ ಎಂದು ಯೋಚಿಸುತ್ತಲೇ ಬಸ್ಸು ಹತ್ತಿದ್ದೆ.

ನನಗಾಗ ಇಪ್ಪತ್ತಮೂರು ವರ್ಷ. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ ಈ ಸೀಮೆಯ ಒಂದು ಸಕ್ಕರೆ ಫ್ಯಾಕ್ಟರಿಗೆ ಸೇರಿದ್ದೆ. ಅದರ ಹೆಸರು ಬೇಡ, ನಾನು ಹೇಳುವ ತಪ್ಪಿಗೂ ಅದರ ಹೆಸರಿಗೂ ಸಂಬಂಧವಿಲ್ಲ. ನನ್ನ ಕೆಲಸ ಬಾಯ್ಲರಿನ ನೀರು ಪರೀಕ್ಷೆ ಮಾಡುವುದು. ಬಾಯ್ಲರ್ ಮನೆಗೆ ಅಂಟಿಕೊಂಡ ಒಂದು ಪುಟ್ಟ ಕೋಣೆ, ಒಂದು ಕಲ್ಲಿನ ಕಟ್ಟೆ, ಗಾಜಿನ ಕೊಳವೆಗಳು, ಆಸಿಡ್ ಬಾಟಲಿ, ಗೋಡೆಯ ಮೇಲೊಂದು ಗಡಿಯಾರ, ಮೇಜಿನ ಮೇಲೆ ಉದ್ದನೆಯ ದಾಖಲೆ ಪುಸ್ತಕ. ನಮ್ಮೂರಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ನನ್ನ ಅಪ್ಪ, "ನಮ್ ರತ್ನ ಬಾಯ್ಲರ್‌ಗೆ ಡಾಕ್ಟ್ರು" ಎನ್ನುತ್ತಿದ್ದ. ನಾನೂ ಹಾಗೇ ಬೀಗುತ್ತಿದ್ದೆ.

ಸಕ್ಕರೆ ಫ್ಯಾಕ್ಟರಿಯಲ್ಲಿ ನೀರು ಸುತ್ತುತ್ತಲೇ ಇರುತ್ತದೆ. ಅರೆದ ಕಬ್ಬಿನ ಸಿಪ್ಪೆಯನ್ನೇ ಉರಿಸಿ ಬಾಯ್ಲರಿನಲ್ಲಿ ನೀರನ್ನು ಆವಿ ಮಾಡುತ್ತಾರೆ. ಆವಿ ಟರ್ಬೈನನ್ನು ತಿರುಗಿಸಿ ಕರೆಂಟು ಕೊಡುತ್ತದೆ. ಅಲ್ಲಿ ಕಸುವು ಕಳೆದುಕೊಂಡು ಹೊರಬಂದ ಆವಿ ಮುಂದೆ ಹೋಗಿ ಕಬ್ಬಿನ ಹಾಲನ್ನು ಕುದಿಸುತ್ತದೆ, ಕುದಿಸುತ್ತಾ ತಾನು ತಣಿದು ನೀರಾಗಿ ಮತ್ತೆ ಬಾಯ್ಲರಿಗೇ ಬರುತ್ತದೆ. ಕಬ್ಬಿನ ಹಾಲಿಗೂ ಆ ಆವಿಗೂ ನಡುವೆ ಇರುವುದು ಒಂದು ತೆಳ್ಳನೆಯ ಕೊಳವೆಯ ಗೋಡೆ ಮಾತ್ರ. ಅದು ಎಲ್ಲಾದರೂ ತೂತುಬಿದ್ದರೆ ಸಿಹಿ ಹಾಲು ಮರಳಿ ಬರುವ ನೀರಿಗೆ ಸೇರುತ್ತದೆ. ಬಾಯ್ಲರಿಗೆ ಸಕ್ಕರೆಗಿಂತ ದೊಡ್ಡ ವಿಷ ಇಲ್ಲ. ನೀರು ನೊರೆಯೇಳುತ್ತದೆ, ಸಕ್ಕರೆ ಕರಕಲಾಗಿ ಟ್ಯೂಬುಗಳ ಒಳಗೆ ಮೆತ್ತಿಕೊಳ್ಳುತ್ತದೆ, ಮೆತ್ತಿಕೊಂಡ ಜಾಗಕ್ಕೆ ನೀರು ತಾಗದೆ ಉಕ್ಕು ಕೆಂಪಗೆ ಕಾದು ಒಡೆಯುತ್ತದೆ.

ಅದಕ್ಕೇ ಗಂಟೆಗೊಂದು ಪರೀಕ್ಷೆ. ಮರಳಿ ಬರುವ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಒಂದು ಔಷಧಿಯ ನಾಲ್ಕು ತೊಟ್ಟು ಹಾಕಿ, ಕೊಳವೆ ಓರೆ ಮಾಡಿ ಅಂಚಿನಿಂದ ಆಸಿಡ್ ಇಳಿಸಬೇಕು. ಸಕ್ಕರೆ ಇದ್ದರೆ ನೀರೂ ಆಸಿಡ್ಡೂ ಸೇರುವ ಕಡೆ ನೇರಳೆ ಬಣ್ಣದ ಉಂಗುರ ಕಟ್ಟುತ್ತದೆ. ಇಲ್ಲದಿದ್ದರೆ ಏನೂ ಇಲ್ಲ. ಉಂಗುರ ಕಂಡ ಕೂಡಲೇ ಆ ನೀರನ್ನು ಮೋರಿಗೆ ತಿರುಗಿಸಿ, ಬಾಯ್ಲರಿಗೆ ಬೇರೆ ಶುದ್ಧ ನೀರು ಕೊಟ್ಟರೆ ಆಯಿತು, ಎಲ್ಲರೂ ಬದುಕಿಕೊಳ್ಳುತ್ತಾರೆ. ಪರೀಕ್ಷೆಗೆ ಹಿಡಿಯುವುದು ಐದು ನಿಮಿಷ. ಪುಸ್ತಕದಲ್ಲಿ ಆ ಗಂಟೆಯ ಮುಂದೆ "ಇದೆ" ಅಥವಾ "ಇಲ್ಲ" ಎಂದು ಬರೆಯಬೇಕು.

ಖಾದರ್ ಸಾಬ್ರು ಬೆಳಗಿನ ಶಿಫ್ಟಿನ ಬಾಯ್ಲರ್ ಆಪರೇಟರು. ಮದ್ದೂರಿನ ಹಳೇ ಮನೆತನ, ಅಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟೆ ಕಟ್ಟುತ್ತಿದ್ದವರು. ಸಾಬ್ರು ಓದಿದ್ದು ಏಳನೇ ಕ್ಲಾಸು. ಸಿಪ್ಪೆ ಎಳೆಯುವ ಕೆಲಸಕ್ಕೆ ಸೇರಿ, ಫೈರ್‌ಮನ್ ಆಗಿ, ಬಾಯ್ಲರ್ ನಡೆಸುವ ಸರ್ಟಿಫಿಕೇಟಿಗೆ ಪರೀಕ್ಷೆ ಕಟ್ಟಿ, ಒಂದು ಸಲ ಫೇಲಾಗಿ, ಎರಡನೇ ಸಲ ಪಾಸಾದವರು. ಆ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಮನೆಯ ನಡುಗೋಡೆಗೆ ನೇತುಹಾಕಿದ್ದರು. ಅವರ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಆ ವರ್ಷ ಬಾಯ್ಲರಿಗೆ ಬೆಂಕಿ ಕೊಡುವ ದಿನ ಪುರೋಹಿತರು ಪೂಜೆ ಮಾಡಿ ಕರ್ಪೂರದ ತಟ್ಟೆಯನ್ನು ಎಂದಿನಂತೆ ಅವರ ಕೈಗೇ ಕೊಟ್ಟರು. ಸಾಬ್ರು ಬಿಸ್ಮಿಲ್ಲಾ ಎಂದು ಹೇಳಿ ಒಲೆಯ ಬಾಯಿಗೆ ಮೊದಲ ಕೊಳ್ಳಿ ಎಸೆದರು. ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ, ಪ್ರತಿ ವರ್ಷ ನಡೆಯುವುದು ಹಾಗೆ.

ಅವರ ಕೆಲಸದ ರೀತಿಯೇ ಬೇರೆ. ಟರ್ಬೈನಿನ ಹತ್ತಿರ ಹೋದರೆ ಮೊದಲು ಮೀಟರು ನೋಡುತ್ತಿರಲಿಲ್ಲ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣುಮುಚ್ಚುತ್ತಿದ್ದರು. ಒಂದು ದಿನ ನನಗೂ ಕೇಳಿಸಿದರು. ಒಳಗೆ ಒಂದೇ ಸಮನೆ ನಯವಾದ ಗುಂಯ್ ಶಬ್ದ. "ಇದು ಒಣಾ ಆವಿ ಸದ್ದು. ನೀರ್ ಸೇರ್ಕಂಡ್ ಬಂದ್ರೆ ಗಂಟ್ಲು ಕಟ್ದಂಗಾಯ್ತದೆ. ಮೀಟ್ರು ಆಮ್ಯಾಕ್ ಏಳ್ತದೆ, ಇದು ಮೊದ್ಲು ಏಳ್ತದೆ" ಎಂದರು. ಬಾಯ್ಲರ್ ನೀರಿನ ವಿಷಯದಲ್ಲೂ ಹೀಗೇ. ಸ್ಯಾಂಪಲ್ ಬಾಟಲಿ ಕೈಗೆ ಬಂದರೆ ಮೂಸಿಯೇ ಮುಂದಿನ ಮಾತು. ನನಗೂ ಅದನ್ನೇ ಕಲಿಸಿದರು: "ನಿನ್ ಉಂಗ್ರ ಸರಿ ಕಣಮ್ಮ, ಬ್ಯಾಡ ಅನ್ನಲ್ಲ. ಮೂಗ್ನೂ ವಸಿ ಕೇಳು."

ನನಗೆ ಒಳಗೊಳಗೇ ನಗು. ಡಿಗ್ರಿ ಮಾಡಿದವಳು ಮೂಗು ಕೇಳಬೇಕಂತೆ. ಅದೂ ಮಂಡ್ಯ ಸೀಮೆಯಲ್ಲಿ, ಕಬ್ಬಿನ ಕಾಲದಲ್ಲಿ! ಫ್ಯಾಕ್ಟರಿ ಕಾಂಪೌಂಡಿನ ಆಚೆಗೇ ಒಂದು ಆಲೆಮನೆ, ಅರ್ಧ ಮೈಲಿಗೆ ಇನ್ನೊಂದು. ಸಂಕ್ರಾಂತಿ ಹತ್ತಿರ ಬಂದ ಹಾಗೆ ಕೊಪ್ಪರಿಗೆಗಳು ಇಳಿಯುತ್ತಲೇ ಇರಲಿಲ್ಲ. ನಮ್ಮ ತಲೆಕೂದಲು, ವೇಲು, ಟಿಫನ್ ಡಬ್ಬಿಯ ಮುಚ್ಚಳ, ಎಲ್ಲವೂ ಬೆಲ್ಲ ನಾರುತ್ತಿದ್ದವು. ಅದರ ನಡುವೆ ಇರುವವರಿಗೆ ಅದು ವಾಸನೆ ಎಂದೇ ಅನ್ನಿಸುವುದಿಲ್ಲ, ಗಾಳಿಯೇ ಹಾಗೆ ಎಂದುಕೊಂಡು ಇರುತ್ತೇವೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ, ಎಷ್ಟು ಸುತ್ತಿದರೂ ಬರಲೇಬೇಕು. ಮೊದಲ ಎರಡು ತಿಂಗಳು ಗಂಟೆ ಹೊಡೆದ ಹಾಗೆ ಪರೀಕ್ಷೆ ಮಾಡಿದೆ. ಇಲ್ಲ, ಇಲ್ಲ, ಇಲ್ಲ. ನೂರಾರು ಇಲ್ಲಗಳಾದ ಮೇಲೆ ಒಂದು ದಿನ ಒಂದು ಗಂಟೆ ತಪ್ಪಿಸಿದೆ, ತಪ್ಪಿಸಿ "ಇಲ್ಲ" ಬರೆದೆ. ಏನೂ ಆಗಲಿಲ್ಲ. ಆಮೇಲೆ ಅದು ಚಾಳಿಯಾಯಿತು. ಬೆಳಿಗ್ಗೆ ಎಂಟರದು ಮಾಡಿ, ಅದೇ ಪೆನ್ನಿನಲ್ಲಿ ಒಂಬತ್ತು, ಹತ್ತು, ಹನ್ನೊಂದರ ಸಾಲುಗಳನ್ನೂ ಒಟ್ಟಿಗೆ ತುಂಬಿಸಿಬಿಡುತ್ತಿದ್ದೆ, ಕೆಲವು ದಿನ ಎಂಟರದನ್ನೂ ನೋಡುತ್ತಿರಲಿಲ್ಲ. ಮೈ ಹುಷಾರಿರಲಿಲ್ಲ, ಕೆಲಸ ಹೆಚ್ಚಿತ್ತು, ಮನೆಯಲ್ಲಿ ಚಿಂತೆ ಇತ್ತು ಎಂದು ಹೇಳಬಹುದು. ಅದೊಂದೂ ನಿಜವಲ್ಲ. ಚಳಿಗಾಲ, ಲ್ಯಾಬಿನ ಮೆಟ್ಟಿಲ ಮೇಲೆ ಬೆಳಗಿನ ಬಿಸಿಲು ಹಿತವಾಗಿರುತ್ತಿತ್ತು, ತಂಗಿಯ ಜೊತೆ ಫೋನಿನಲ್ಲಿ ಹರಟುತ್ತಾ ಕೂರುತ್ತಿದ್ದೆ. ಅಷ್ಟೇ ಕಾರಣ.

ನನಗೆ ಯಾರೂ ಕಲಿಸಿರಲಿಲ್ಲ ಎಂದೂ ಅಲ್ಲ. ನನ್ನ ಅಪ್ಪ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಆಳು. ಹೊಲದ ಕೆಲಸದ ಜೊತೆಗೆ ದಿನಾ ಬೆಳಿಗ್ಗೆ ಮಳೆ ಅಳೆಯುವ ಡಬ್ಬಿ ನೋಡಿ ಬರೆದಿಡುವುದು ಅವನ ಪಾಲಿಗೆ ಬಂದಿತ್ತು. ಬೇಸಿಗೆಯಲ್ಲಿ, ಮೋಡದ ಚೂರೂ ಇಲ್ಲದ ದಿನಗಳಲ್ಲೂ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಬಗ್ಗಿ ನೋಡಿ, ಬಂದು ಸೊನ್ನೆ ಬರೆಯುತ್ತಿದ್ದ. ಚಿಕ್ಕವಳಾಗಿದ್ದಾಗ ಜೊತೆಗೆ ಹೋಗಿ, "ಇಂಥಾ ಬಿಸ್ಲಲ್ಲಿ ನೋಡೋದೇನಪ್ಪ, ಮನೇಲೇ ಬರಿ" ಎಂದು ಕೀಟಲೆ ಮಾಡಿದ್ದೆ. "ನೋಡ್ದೆ ಎಂಗಮ್ಮಿ ಬರಿಯದು?" ಎಂದಿದ್ದ. ಅವನಿಗೆ ಅದು ನನ್ನ ಕೀಟಲೆ ಎಂದೂ ಅರ್ಥವಾಗಿರಲಿಲ್ಲ.

ಸಂಕ್ರಾಂತಿಗೆ ಐದಾರು ದಿನ ಇದ್ದ ಬೆಳಿಗ್ಗೆ. ಎಂಟರ ಪರೀಕ್ಷೆ ಮಾಡಿ ಮೂರು ಸಾಲು ಮುಂದಕ್ಕೆ ತುಂಬಿಸಿ ಬಿಸಿಲಿಗೆ ಕೂತಿದ್ದೆ. ಹತ್ತೂಕಾಲರ ಸುಮಾರಿಗೆ ಸಾಬ್ರು ಬಾಟಲಿ ಹಿಡಿದುಕೊಂಡು ಬಂದರು. ನಾನು ಎದ್ದು ಒಳಗೆ ಹೋಗಿ ಮೇಜಿನ ಮುಂದೆ ನಿಂತೆ.

"ರತ್ನಮ್ಮ, ಇದ್ ವಸಿ ಮೂಸು. ಬಾಯ್ಲರ್ ನೀರು. ಸೀದ ಬೆಲ್ಲ ನಾತ ಬತ್ತದೆ ನಂಗೆ."

ಮೂಸಿದೆ. ಬರುತ್ತಿತ್ತು. ನೀರಿನ ಬಣ್ಣವೂ ತೆಳು ಟೀ ಬಣ್ಣಕ್ಕೆ ತಿರುಗಿದಂತಿತ್ತು. ಆದರೆ ಅದೇ ವಾಸನೆ ಕಿಟಕಿಯಿಂದಲೂ ಬರುತ್ತಿತ್ತು, ನನ್ನ ವೇಲಿನಿಂದಲೂ ಬರುತ್ತಿತ್ತು.

"ಆಲೆಮನೇದು ಸಾಬ್ರೇ. ಇವತ್ತು ಗಾಳಿ ಈ ಕಡೀಕೇ ಬೀಸ್ತಿದೆ."

"ಅತ್ತ್ ಗಂಟೇದು ನೋಡಿದ್ಯಾ?"

"ನೋಡಿದೀನಿ. ಇಲ್ಲ."

ಅವರು ಪುಸ್ತಕದ ಕಡೆ ಬಗ್ಗಿದರು. ಹತ್ತರ ಸಾಲಿನಲ್ಲಿ "ಇಲ್ಲ" ಇತ್ತು. ಅದರ ಕೆಳಗೆ ಹನ್ನೊಂದರ ಸಾಲಿನಲ್ಲೂ "ಇಲ್ಲ" ಇತ್ತು, ಗೋಡೆಯ ಗಡಿಯಾರದಲ್ಲಿ ಇನ್ನೂ ಹತ್ತೂಕಾಲು. ನಾನು ಏನೋ ಪುಟ ಸರಿಮಾಡುವವಳಂತೆ ಹನ್ನೊಂದರ ಸಾಲಿನ ಮೇಲೆ ಅಂಗೈ ಇಟ್ಟೆ. ಸಾಬ್ರು ಬಾಟಲಿಯನ್ನು ಇನ್ನೊಮ್ಮೆ ಮೂಗಿನ ಹತ್ತಿರ ಹಿಡಿದರು. "ನೀನ್ ನೋಡಿದ್ಮ್ಯಾಲೆ ಸರಿ ಬುಡು. ವಯಸ್ಸಾಯ್ತು, ಮೂಗೂ ಕೆಡ್ತಾ ಅದೆ" ಎಂದು ಹೇಳಿ ಹೊರಟುಹೋದರು. ಮೂವತ್ತು ವರ್ಷ ನಂಬಿದ ಮೂಗನ್ನು ಅವರು ಆವತ್ತು ಬಿಟ್ಟುಕೊಟ್ಟದ್ದು ನಾನು ಓದಿದವಳು ಎನ್ನುವ ಒಂದೇ ಮರ್ಯಾದೆಗೆ.

ಅವರು ಹೋದ ಮೇಲೆ ಬಿಸಿಲಿಗೆ ಹೋಗಿ ಕೂತೆ. ಕೂರಲಾಗಲಿಲ್ಲ. ಅಂಗೈ ನೋಡಿಕೊಂಡೆ, ಏನೂ ಅಂಟಿರಲಿಲ್ಲ. ಅರ್ಧ ಗಂಟೆ ಒದ್ದಾಡಿ ಎದ್ದು ಹೋಗಿ, ಮರಳಿ ಬರುವ ನೀರನ್ನು ಹಿಡಿದು ತಂದು ಪರೀಕ್ಷೆಗೆ ಇಟ್ಟೆ. ಆಸಿಡ್ ಇಳಿಯುತ್ತಿದ್ದ ಹಾಗೇ ಉಂಗುರ ಕಟ್ಟಿತು. ತೆಳು ನೇರಳೆಯಲ್ಲ, ನೇರಳೆ ಹಣ್ಣಿನ ಸಿಪ್ಪೆಯಷ್ಟು ಕಪ್ಪು. ಕೊಳವೆ ಕೈಯಿಂದ ಜಾರಿ ಕಲ್ಲುಕಟ್ಟೆಯ ಮೇಲೆ ಒಡೆಯಿತು. ಹನ್ನೊಂದರ ಸಾಲಿನ "ಇಲ್ಲ"ಕ್ಕೆ ಅಡ್ಡಗೀಟು ಎಳೆದು ಮೇಲೆ "ಇದೆ" ಎಂದು ಬರೆದೆ. ಅದನ್ನು ಯಾಕೆ ಬರೆದೆ, ಮೊದಲು ಓಡಬೇಕಿತ್ತಲ್ಲ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಬರೆದೇ ಓಡಿದೆ.

ಮೆಟ್ಟಿಲು ಹತ್ತುವಾಗಲೇ ಟರ್ಬೈನಿನ ಸದ್ದು ಬದಲಾಗಿತ್ತು. ಗಂಟಲು ಕಟ್ಟಿದ ಹಾಗೆ. ಕಾಲಡಿಯ ಕಬ್ಬಿಣದ ಹಾಸು ನಡುಗುತ್ತಿತ್ತು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನಲ್ಲಿ ನೀರು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ, ಬರೀ ನೊರೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು. "ಸಾಬ್ರೇ, ಸಕ್ಕರೆ!" ಎಂದು ಕಿರುಚಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಟರ್ಬೈನು ನಿಲ್ಲಿಸುವ ಗುಂಡಿ ಒತ್ತಿದರು. "ಎಲ್ಲಾ ಕೆಳೀಕ್ ಇಳೀರ್ಲಾ! ಸಿದ್ರಾಜು, ಆ ಎಣ್ಮಗೀನ್ ಕರ್ಕಂಡ್ ಇಳಿ!" ಎಂದು ಕೂಗಿದರು. ಫೈರ್‌ಮನ್ ಸಿದ್ದರಾಜು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಇಳಿಸಿದ.

ಸಾಬ್ರು ಇಳಿಯಲಿಲ್ಲ. ಒಲೆಗೆ ಸಿಪ್ಪೆ ಬೀಳುವ ಬಾಗಿಲುಗಳು ನಾಲ್ಕಿದ್ದವು, ಅವನ್ನು ಕೈಯಲ್ಲೇ ಎಳೆದು ಮುಚ್ಚಬೇಕು. ಮುಚ್ಚದಿದ್ದರೆ ಬೆಂಕಿ ಉರಿಯುತ್ತಲೇ ಇರುತ್ತದೆ, ಒಳಗೇನಾದರೂ ಒಡೆದರೆ ಬೆಂಕಿಯೂ ಆವಿಯೂ ಆ ಬಾಗಿಲುಗಳಿಂದಲೇ ಹೊರಗೆ ನುಗ್ಗುತ್ತವೆ. ಮೂರನ್ನು ಮುಚ್ಚಿದರು. ನಾಲ್ಕನೆಯದರ ಹಿಡಿ ಹಿಡಿದಿದ್ದಾಗ ಒಳಗೆ ಟ್ಯೂಬು ಒಡೆಯಿತು. ಕೆಳಗೆ ನಿಂತಿದ್ದ ನಮಗೆ ದಡ್ ಎಂದು ಒಂದು ಸದ್ದು, ಆಮೇಲೆ ಬಿಳಿ ಆವಿ ಬೂದಿಯ ಜೊತೆ ಮೇಲಿನ ಅಂತಸ್ತನ್ನೇ ಮುಚ್ಚಿಬಿಟ್ಟಿತು. ಆ ಆವಿ ಪೂರ್ತಿ ಸೀದ ಬೆಲ್ಲದ ವಾಸನೆ ಹೊಡೆಯುತ್ತಿತ್ತು.

ಅವರನ್ನು ಇಳಿಸಿಕೊಂಡು ಬಂದಾಗ ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು, ಮುಖದ ಎಡಭಾಗ ಕೂಡ. ಪ್ರಜ್ಞೆ ಇತ್ತು. ಜೀಪಿನಲ್ಲಿ ಮಲಗಿಸುವಾಗ ಸಿದ್ದರಾಜುವನ್ನು ಹುಡುಕಿ, "ಟರ್ಬೈನ್ ತಿರುಗುಸ್ತಾ ಇರ್ರಲಾ. ನಿಲ್ಲುಸ್ಬ್ಯಾಡಿ. ಶಾಫ್ಟು ಬಗ್ಗೋಯ್ತದೆ" ಎಂದರು. ಅಷ್ಟು ಹೇಳಿದ ಮೇಲೆಯೇ ನೋವಿಗೆ ನರಳಿದ್ದು.

ಕಾದ ಟರ್ಬೈನನ್ನು ನಿಲ್ಲಿಸಿದ ಮೇಲೆ ಸುಮ್ಮನೆ ಬಿಡುವಂತಿಲ್ಲ, ಅದರ ಶಾಫ್ಟು ತನ್ನ ಭಾರಕ್ಕೇ ಬಾಗುತ್ತದೆ. ತಣ್ಣಗಾಗುವವರೆಗೆ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ತಿರುಗಿಸುವ ಮೋಟರಿಗೆ ಕರೆಂಟಿಲ್ಲ, ನಮ್ಮದು ನಿಂತಿತ್ತು, ಹೊರಗಿನದೂ ಆವತ್ತು ಇರಲಿಲ್ಲ. ಉದ್ದನೆಯ ಕಬ್ಬಿಣದ ಸಲಾಕೆ ಹಾಕಿ, ಸರದಿಯ ಮೇಲೆ ನಾಲ್ಕು ನಾಲ್ಕು ಜನ ನಿಂತು ಕೈಯಿಂದಲೇ ತಿರುಗಿಸಿದರು. ಮಧ್ಯಾಹ್ನದ ಊಟಕ್ಕೆ ಯಾರೂ ಹೋಗಲಿಲ್ಲ. ಸಿದ್ದರಾಜು ಅಳುತ್ತಾ ತಿರುಗಿಸುತ್ತಿದ್ದ. ನಾನೂ ಹೋಗಿ ಸಲಾಕೆ ಹಿಡಿದೆ. "ನೀನ್ ಬುಡಮ್ಮ, ಓಡ್ಬಂದ್ ಏಳ್ದಲ್ಲ, ಅದೇ ದೊಡ್ದು" ಎಂದ. ಕೈ ಬಿಡದೆ ಸಂಜೆಯವರೆಗೆ ತಿರುಗಿಸಿದೆ, ಅಂಗೈ ಬೊಬ್ಬೆ ಬಂದು ಒಡೆಯಿತು.

ಸಿದ್ದರಾಜು ಅಂದದ್ದನ್ನೇ ಮರುದಿನದಿಂದ ಎಲ್ಲರೂ ಅನ್ನತೊಡಗಿದರು. ಲ್ಯಾಬ್ ಹುಡುಗಿ ಸಕ್ಕರೆ ಪತ್ತೆ ಹಚ್ಚಿದಳು, ಹನ್ನೊಂದು ಹೊಡೆಯುವ ಮೊದಲೇ ಓಡಿಬಂದು ಹೇಳಿದಳು, ಇಲ್ಲದಿದ್ದರೆ ಆರೇಳು ಜನ ಹೋಗುತ್ತಿದ್ದರು. ಚೀಫ್ ಇಂಜಿನಿಯರು ನನ್ನನ್ನು ಕರೆಸಿ, ಗಣರಾಜ್ಯೋತ್ಸವದ ದಿನ ಬಾವುಟ ಹಾರಿಸಿದ ಮೇಲೆ ನಿನಗೆ ಶಾಲು ಹೊದಿಸುತ್ತೇವಮ್ಮ ಎಂದರು. ಬಾಯ್ಲರ್ ಇನ್‌ಸ್ಪೆಕ್ಟರು ಬಂದು ನೋಡಿದರು. ಟ್ಯೂಬುಗಳ ಒಳಗೆ ಕರಕಲು ಸಿಕ್ಕಿತು. ಹಾಲು ಯಾವಾಗ ಸೇರಿತು ಎಂಬ ಪ್ರಶ್ನೆಗೆ ಉತ್ತರ ನನ್ನ ಪುಸ್ತಕ. ಹತ್ತಕ್ಕೆ ಇಲ್ಲ, ಹನ್ನೊಂದಕ್ಕೆ ಇದೆ. ಅಂದರೆ ಒಮ್ಮೆಲೇ ಸೇರಿದೆ, ಗಾಜಿನಲ್ಲಿ ನೊರೆ ಕುಣಿಯುವಾಗ ಆಪರೇಟರು ಗಮನಿಸಿಲ್ಲ, ನೀರಿನ ಮಟ್ಟ ಇಳಿಯಲು ಬಿಟ್ಟಿದ್ದಾನೆ. ಆಸ್ಪತ್ರೆಯಲ್ಲಿ ಸಾಬ್ರನ್ನು ಕೇಳಿದಾಗ, ನನಗೆ ಹತ್ತಕ್ಕೇ ವಾಸನೆ ಬಂತು ಎಂದರಂತೆ. ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದು ಇನ್‌ಸ್ಪೆಕ್ಟರು ಹೇಳಿದರಂತೆ. ಅವರ ಸರ್ಟಿಫಿಕೇಟು ವಾಪಸು ತೆಗೆದುಕೊಳ್ಳಬೇಕು ಎಂದು ಕರಡು ವರದಿ ಸಿದ್ಧವಾಯಿತು.

ಹತ್ತೂ ಐವತ್ತಕ್ಕೆ ಓಡಿಬಂದವಳ ಪುಸ್ತಕದಲ್ಲಿ, ಹನ್ನೊಂದರ ಸಾಲಿನಲ್ಲಿ, ಅಡ್ಡಗೀಟಿನ ಕೆಳಗೆ ಒಂದು "ಇಲ್ಲ" ಹೇಗೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಆ ಪುಟ ನೋಡಿದರು. ಏನೋ ಗಡಿಬಿಡಿಯಲ್ಲಿ ತಪ್ಪು ಬರೆದು ತಿದ್ದಿದ್ದಾಳೆ ಅಂದುಕೊಂಡರು. ನಾನು ಬಾಯಿಬಿಡಲಿಲ್ಲ. ಆರು ದಿನ ಬಿಡಲಿಲ್ಲ. ಸಂಕ್ರಾಂತಿ ಬಂತು, ಎಳ್ಳುಬೆಲ್ಲ ಬಾಯಿಗಿಟ್ಟರೆ ವಾಂತಿ ಬಂತು. ಅಪ್ಪ ಫಾರಂನಲ್ಲೆಲ್ಲ ಶಾಲಿನ ಸುದ್ದಿ ಹೇಳಿಕೊಂಡು ಬಂದಿದ್ದ.

ಏಳನೆಯ ದಿನ ಮಂಡ್ಯದ ಆಸ್ಪತ್ರೆಗೆ ಹೋದೆ. ಸಾಬ್ರ ಎರಡೂ ಕೈಗಳನ್ನು ದಪ್ಪಗೆ ಸುತ್ತಿ ದಿಂಬಿನ ಮೇಲಿಟ್ಟಿದ್ದರು. ನೂರುನ್ನೀಸಾ ಅಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದವರು ನನ್ನನ್ನು ನೋಡಿ, "ಬಾ ಬೇಟಿ, ನೀನಿದ್ದಿದ್ದಕ್ಕೆ ಜೀವ ಉಳೀತು" ಎಂದು ಎದ್ದು ಜಾಗ ಬಿಟ್ಟು, ಬಟ್ಟಲು ತೊಳೆಯಲು ಹೊರಗೆ ಹೋದರು. ನಾನು ನಿಂತೇ ಇದ್ದೆ.

"ಸಾಬ್ರೇ, ಅವತ್ತು ಹತ್ತು ಗಂಟೇದು ನಾನು ನೋಡಿರಲಿಲ್ಲ. ಒಂಬತ್ತರದೂ ನೋಡಿರಲಿಲ್ಲ. ಸುಮ್ನೆ ಬರೆದಿದ್ದೆ."

"ಗೊತ್ತು" ಎಂದರು. ಮಲಗಿದಲ್ಲೇ ನನ್ನನ್ನು ನೋಡಿದರು. "ನೀನ್ ಕೈ ಮುಚ್ಕಂಡಿದ್ದು ಕಂಡೆ. ಎಣ್ಮಗ ಏನೋ ಗುಟ್ ಬರ್ಕಂಡದೆ, ನೋಡ್ಬಾರ್ದು ಅಂದ್ಕಂಡೆ. ಇಲ್ಲಿ ಮನೀಕಂಡ್ ಯೋಚ್ನೆ ಮಾಡ್ದಾಗ ಗೊತ್ತಾಯ್ತು."

ಅಳು ನುಗ್ಗಿ ಬಂತು. ಅವರ ಮಂಚದ ಕಾಲ ಹತ್ತಿರ ಕುಸಿದು ಕೂತೆ. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆನೋ ಏನೋ. ಅವರು ಹೇಳಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು, ಅದನ್ನು ಅಡಗಿಸಲೂ ಇಲ್ಲ.

"ಏಳು ಮ್ಯಾಕೆ. ನನ್ ಮುಂದೆ ಅತ್ರೆ ಏನ್ ಬಂತು? ರಿಪೋರ್ಟ್ ಬರ್ಯೋನು ನಾನಾ? ಬರ್ಯೋರ್ ತಾವ್ ಓಗ್ ಏಳು."

"ನನ್ನ ಕೆಲಸ ಹೋಗುತ್ತೆ ಸಾಬ್ರೇ."

"ಓಯ್ತದೆ" ಎಂದರು. ಆಮೇಲೆ ಸುತ್ತಿದ್ದ ಕೈಗಳ ಕಡೆ ಗಲ್ಲದಿಂದ ತೋರಿಸಿ, "ನಂದ್ ಓಗ್ಲಿಲ್ವಾ?" ಎಂದರು.

ಅಲ್ಲಿಂದ ನೇರ ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋದೆ. ಮನೆಗೆ ಹೋಗಿದ್ದರೆ ಮತ್ತೆ ಧೈರ್ಯ ಬರುತ್ತಿರಲಿಲ್ಲ. ಚೀಫ್ ಇಂಜಿನಿಯರ ಕೋಣೆಯಲ್ಲಿ ಇನ್‌ಸ್ಪೆಕ್ಟರೂ ಇದ್ದರು. ಪುಸ್ತಕ ತರಿಸಿ ಎಂದೆ. ಹನ್ನೊಂದರ ಸಾಲು ತೋರಿಸಿದೆ, ಅಡ್ಡಗೀಟಿನ ಕೆಳಗಿನ "ಇಲ್ಲ" ತೋರಿಸಿದೆ, ಅದನ್ನು ಎಂಟೂವರೆಗೇ ಬರೆದದ್ದು ಎಂದೆ. ಸಾಬ್ರು ಬಾಟಲಿ ತಂದದ್ದು, ನಾನು ಆಲೆಮನೆಯ ಮಾತು ಹೇಳಿದ್ದು, ಕೈ ಮುಚ್ಚಿದ್ದು, ಎಲ್ಲವನ್ನೂ ಹೇಳಿದೆ. ಚೀಫ್ ಇಂಜಿನಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್‌ಸ್ಪೆಕ್ಟರು ಪುಟಗಳನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರು. ಹಿಂದಿನ ದಿನ, ಅದರ ಹಿಂದಿನ ದಿನ, ಅದರ ಹಿಂದಿನ ವಾರ. ಉದ್ದಕ್ಕೂ ನನ್ನ ದುಂಡು ಅಕ್ಷರ.

"ಹಾಲು ಎಷ್ಟು ದಿನದಿಂದ ಸೇರ್ತಾ ಇತ್ತು ಅಂತ ತಿಳೀಬೇಕು ನನಗೆ. ಇದರಲ್ಲಿ ನೀವು ನಿಜವಾಗಿ ನೋಡಿ ಬರೆದ ಸಾಲು ಯಾವುವು, ಗುರುತು ಹಾಕಿ ಕೊಡಿ" ಎಂದು ಪೆನ್ಸಿಲ್ ಕೈಗೆ ಕೊಟ್ಟರು.

ಪೆನ್ಸಿಲ್ ಹಿಡಿದು ಕೂತೆ. ಒಂದು ಪುಟ ನೋಡಿದೆ, ಇನ್ನೊಂದು ಪುಟ ನೋಡಿದೆ. ನೋಡಿ ಬರೆದದ್ದೂ ನೋಡದೆ ಬರೆದದ್ದೂ ಒಂದೇ ಅಕ್ಷರ, ಒಂದೇ ಮಸಿ, ಚಾಳಿ ಯಾವ ದಿನ ಶುರುವಾಯಿತು ಎಂಬುದೂ ನೆನಪಿರಲಿಲ್ಲ. "ಗೊತ್ತಾಗ್ತಿಲ್ಲ ಸರ್" ಎಂದೆ. ಆ ಋತುವಿನಲ್ಲಿ ನಾನು ಪ್ರಾಮಾಣಿಕವಾಗಿ ಮಾಡಿದ ನೂರಾರು ಪರೀಕ್ಷೆಗಳೂ ಆ ಕ್ಷಣಕ್ಕೆ ಸುಳ್ಳಾಗಿಹೋದವು. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಇನ್ಯಾವತ್ತೂ ಆಗಿಲ್ಲ.

ಕರಡು ವರದಿ ಬದಲಾಯಿತು. ಸಾಬ್ರ ಸರ್ಟಿಫಿಕೇಟು ಉಳಿಯಿತು. ಶಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಹೊಸಬರು ಬರುವವರೆಗೆ ಮೇಲಿನವರ ಕಣ್ಣೆದುರಿಗೆ ಕೆಲಸ ಮಾಡು, ಆಮೇಲೆ ಬರಬೇಡ ಎಂದು ನನಗೆ ಹೇಳಿದರು. ನ್ಯಾಯವಾಗಿಯೇ ಇತ್ತು. ಅಪ್ಪನಿಗೆ ಮನೆಯ ಜಗಲಿಯ ಮೇಲೆ ಕೂರಿಸಿ ಹೇಳಿದೆ. ಅವನು ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಮಳೆ ಡಬ್ಬಿ ನೋಡಲು ಹೊರಟವನು ಬಾಗಿಲಲ್ಲಿ ನಿಂತು, "ಬತ್ತೀಯಾ ಅಮ್ಮಿ?" ಎಂದ. ಹೋದೆ. ಇಬ್ಬರೂ ಬಗ್ಗಿ ನೋಡಿದೆವು, ಡಬ್ಬಿ ಒಣಗಿತ್ತು.

ಈಗ ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬು ನೋಡಿಕೊಳ್ಳುತ್ತೇನೆ. ಪ್ರಯೋಗ ಮುಗಿಯುವ ಮೊದಲೇ ಪಕ್ಕದವರ ಉತ್ತರ ಬರೆದುಕೊಳ್ಳುವ ಮಕ್ಕಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಆವತ್ತು ಬಸ್ಸಿಳಿದು ಸಾಬ್ರ ಮನೆಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ನಡುಗೋಡೆಯ ಆ ಫ್ರೇಮು. ಉಳಿದುಕೊಂಡ ಸರ್ಟಿಫಿಕೇಟಿನಿಂದ ಅವರು ಮತ್ತೆ ಒಂದು ದಿನವೂ ಬಾಯ್ಲರ್ ನಡೆಸಲಿಲ್ಲ. ಬೆರಳುಗಳನ್ನು ಮಡಚಲಾಗದೆ, ವಾಲ್ವು ತಿರುಗಿಸಲಾಗದೆ, ಬಾಕಿ ಎರಡು ವರ್ಷ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಫಾತೇಹಾ ಮುಗಿದ ಮೇಲೆ ನೂರುನ್ನೀಸಾ ಅಮ್ಮ ನನ್ನ ತಟ್ಟೆಗೆ ಬಡಿಸುತ್ತಾ, "ನಿನ್ ಮ್ಯಾಲೆ ಸಿಟ್ಟಿತ್ತು ಅವ್ರ್ಗೆ, ಬಾಳ ದಿನ ಇತ್ತು. ಆದ್ರೆ ಯಾರಾದ್ರೂ ನಿನ್ನ ಬೈದ್ರೆ, ಅವ್ಳೇ ಬಂದ್ ಏಳುದ್ಲು ಕಣ್ರಲಾ ಅನ್ನೋರು" ಎಂದರು. ಒಂದು ಅಗುಳು ಬಿಡದೆ ಉಂಡೆ.

ಫ್ಯಾಕ್ಟರಿಯಲ್ಲಿ ನನ್ನ ಕೊನೆಯ ದಿನವೇ ಸಾಬ್ರು ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಲ್ಲಿಗೆ ಬಂದಿದ್ದರು. ಬಾಯ್ಲರು ರಿಪೇರಿಯಾಗಿ ಮತ್ತೆ ಉರಿಯುತ್ತಿತ್ತು. ಎಲ್ಲರನ್ನೂ ಮಾತಾಡಿಸಿ, ಟರ್ಬೈನಿನ ಹತ್ತಿರ ಹೋಗಿ ಸಿದ್ದರಾಜುವಿನ ಕೈಯಲ್ಲಿ ಸ್ಕ್ರೂಡ್ರೈವರು ಹಿಡಿಸಿ ಕಿವಿ ಇಟ್ಟು ಕೇಳಿ, ಆಮೇಲೆ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಗಡಿಯಾರದಲ್ಲಿ ಹನ್ನೊಂದು. ನಾನು ಸ್ಯಾಂಪಲ್ ತಂದಿಟ್ಟಿದ್ದೆ.

"ಮಾಡು" ಎಂದರು.

ಅವರೆದುರಿಗೆ ತೊಟ್ಟು ಹಾಕಿದೆ, ಆಸಿಡ್ ಇಳಿಸಿದೆ. ಕೊಳವೆಯನ್ನು ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು. ಉಂಗುರ ಕಟ್ಟಲಿಲ್ಲ. ನಾನು ಪೆನ್ನು ತೆಗೆದುಕೊಳ್ಳಲು ಹೋದೆ.

"ತಡಿ" ಎಂದರು. ಬಾಟಲಿಯ ಕಡೆ ನೋಡಿದರು. ಅವರ ಕೈಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ನಾನೇ ಬಾಟಲಿ ಎತ್ತಿ ಅವರ ಮೂಗಿನ ಹತ್ತಿರ ಹಿಡಿದೆ. ಕಣ್ಣುಮುಚ್ಚಿ ನಿಧಾನವಾಗಿ ಮೂಸಿದರು. ಆಚೆ ಆಲೆಮನೆಯ ಹೊಗೆ ಕಿಟಕಿಯಲ್ಲಿ ಬರುತ್ತಿತ್ತು, ಗಲ್ಲದಿಂದ ಸನ್ನೆ ಮಾಡಿ ಕಿಟಕಿ ಮುಚ್ಚಿಸಿ ಇನ್ನೊಂದು ಸಲ ಮೂಸಿದರು. ಆಮೇಲೆ ಬಾಟಲಿಯನ್ನು ನನ್ನ ಮೂಗಿಗೆ ಹಿಡಿದುಕೊಳ್ಳುವಂತೆ ಹೇಳಿದರು. ಮೂಸಿದೆ. ಬರೀ ಬಿಸಿ ನೀರಿನ ವಾಸನೆ.

"ಈಗ್ ಬರಿ" ಎಂದರು.

ಹನ್ನೊಂದು ಗಂಟೆಯ ಸಾಲಿನಲ್ಲಿ "ಇಲ್ಲ" ಎಂದು ಬರೆದೆ. ಆ ಪುಸ್ತಕದಲ್ಲಿ ನಾನು ಬರೆದ ಕೊನೆಯ ಸಾಲು ಅದು, ಇದು ನಿಜ ಎಂದು ಇವತ್ತಿಗೂ ಬೆರಳಿಟ್ಟು ತೋರಿಸಬಲ್ಲ ಸಾಲೂ ಅದೇ.